ತೊರಕೆ ಮೀನು, ಕಾಂಗರೂ ಇಲಿ ಮತ್ತು ಯೂರಿಯಾದ ಲೆಕ್ಕ

ಆಡಿಯೋ ಸರಿಯಾಗಿ ಕೇಳಿಸ್ತಾ ಇದೆ ಅಂದ್ಕೋತೀನಿ.

ಇವತ್ತಿನ ವಿಷಯವನ್ನ ಗ್ರೂಪಿಗೆ ಹಾಕಿದಾಗ ಮೂರ್ನಾಲ್ಕು ಜನ ನಗುವ ಇಮೋಜಿ ಹಾಕಿದ್ರು. ಒಂದು ಕಡೆ ಸಮುದ್ರದ ತೊರಕೆ ಮೀನು, ಇನ್ನೊಂದು ಕಡೆ ಮರುಭೂಮಿಯ ಇಲಿ. ಇವೆರಡನ್ನೂ ಯಾಕೆ ಪಕ್ಕಪಕ್ಕ ಇಟ್ಟು ನೋಡಬೇಕು? ಫೋನ್ ಕೊಳ್ಳುವಾಗ ನಾವೆಲ್ಲ ಎರಡು ಮಾಡೆಲ್ ಆರಿಸಿ ಕಂಪೇರ್ ಅಂತ ಒತ್ತುತ್ತೇವಲ್ಲ, ಬ್ಯಾಟರಿ ಎಷ್ಟು, ಕ್ಯಾಮೆರಾ ಎಷ್ಟು ಅಂತ ಒಂದು ಪಟ್ಟಿ ಬರತ್ತೆ. ಈ ಎರಡು ಪ್ರಾಣಿಗಳಿಗೆ ಹಾಗೆ ಪಟ್ಟಿ ಮಾಡಿದ್ರೆ ಎಲ್ಲ ಸಾಲಿನಲ್ಲೂ ಬೇರೆ ಬೇರೆ ಉತ್ತರ. ಮೂಳೆ ಇದೆಯಾ? ಇಲಿಗೆ ಇದೆ, ತೊರಕೆಗೆ ಇಲ್ಲ, ಅದರದ್ದು ಬರೀ ಮೃದ್ವಸ್ಥಿ. ಕೂದಲು? ಕಿವಿರು? ಮುಳ್ಳು? ಓದಿ ಮುಗಿಸಿದಾಗ ಏನೂ ತಿಳಿದಿರಲ್ಲ.

ಒಂದು ವಿಚಿತ್ರ ಮಾತ್ರ ಮೊದಲೇ ಹೇಳಿಬಿಡ್ತೀನಿ. ತೊರಕೆಯ ವಂಶ ಮತ್ತು ಇಲಿಯ ವಂಶ ಬೇರೆಯಾಗಿ 40 ಕೋಟಿ ವರ್ಷಗಳಿಗೂ ಹೆಚ್ಚಾಯ್ತು. ಆ ಕವಲಿನಲ್ಲಿ ಮೂಳೆ ಇರುವ ಮೀನುಗಳೆಲ್ಲ ನಮ್ಮ ಕಡೆ ನಿಂತವು. ಅಂದ್ರೆ ಬಂಗುಡೆ ಮೀನು ತೊರಕೆಗಿಂತ ಇಲಿಗೆ ಹತ್ತಿರದ ನೆಂಟ. ನಮಗೂ ಅಷ್ಟೇ. ಮೀನು ಅಂತ ಒಂದೇ ಬುಟ್ಟಿಗೆ ಹಾಕೋದು ಮಾರ್ಕೆಟ್‌ನಲ್ಲಿ ಸರಿ, ವಂಶವೃಕ್ಷದಲ್ಲಿ ಅಲ್ಲ.

ಹಾಗಾಗಿ ನಾನು ಒಂದೇ ಒಂದು ಸಾಲನ್ನ ಹೋಲಿಸ್ತೀನಿ. ನೀರಿನ ಲೆಕ್ಕ. ಆ ಲೆಕ್ಕದ ಮಧ್ಯೆ ಯೂರಿಯಾ ಕೂತಿದೆ. ನಾನು ಓದಿದ್ದು ಕಂಪ್ಯೂಟರ್ ಸೈನ್ಸ್‌ನಲ್ಲಿ ಎಂಟೆಕ್, ಮಾಡೋದು ಬ್ಯಾಕೆಂಡ್ ಕೆಲಸ. ಜೀವಶಾಸ್ತ್ರಕ್ಕೂ ನನಗೂ ಪಿಯುಸಿಯಲ್ಲೇ ಮಾತು ನಿಂತಿತ್ತು. ಮತ್ತೆ ಶುರುವಾಗಿದ್ದು ಅಪ್ಪಯ್ಯನಿಂದ. ಅವರು ಕುಂದಾಪುರದ ಹತ್ತಿರ ಊರಲ್ಲೇ ಇದ್ದಾರೆ, ಎರಡು ವರ್ಷದಿಂದ ವಾರಕ್ಕೆ ಎರಡು ಸಲ ಡಯಾಲಿಸಿಸ್. ನಾನು ಪುಣೆಯಲ್ಲಿ. ಪ್ರತಿ ರಕ್ತ ಪರೀಕ್ಷೆಯ ರಿಪೋರ್ಟೂ ವಾಟ್ಸಾಪ್‌ಗೆ ಬರತ್ತೆ, ನಾನು ಮೊದಲು ನೋಡೋದು ಬ್ಲಡ್ ಯೂರಿಯಾ ಅನ್ನೋ ಸಾಲು. ಆರೋಗ್ಯವಂತರಿಗೆ ಡೆಸಿಲೀಟರಿಗೆ ಸುಮಾರು 15ರಿಂದ 40 ಮಿಲಿಗ್ರಾಂ. ಅಪ್ಪಯ್ಯನದ್ದು ಡಯಾಲಿಸಿಸ್‌ಗೆ ಮುಂಚೆ 130ರ ಆಸುಪಾಸು. ಆ ದಿನ ಅವರಿಗೆ ಊಟ ಸೇರಲ್ಲ, ಬಾಯೆಲ್ಲ ಕಹಿ. ಯೂರಿಯಾ ಒಂದೇ ಕಾರಣ ಅಲ್ಲ, ಅದರ ಜೊತೆ ಇನ್ನೂ ಹಲವು ಕಸ ರಕ್ತದಲ್ಲಿ ಉಳಿಯತ್ತೆ, ಯೂರಿಯಾ ಅಳೆಯೋಕೆ ಸುಲಭವಾದ ಗುರುತು ಅಂತ ಡಾಕ್ಟರ್ ಹೇಳಿದ್ರು. ಆದ್ರೂ ಆ ನಂಬರ್ ನೋಡಿದ್ರೆ ಎದೆ ಧಸಕ್ ಅನ್ನತ್ತೆ.

ಅದೇ ಕಾಲದಲ್ಲಿ ಓದಿದ ಒಂದು ಸಂಗತಿ: ತೊರಕೆ ಮೀನಿನ ರಕ್ತದ ಯೂರಿಯಾವನ್ನ ಇದೇ ಲ್ಯಾಬ್ ರಿಪೋರ್ಟಿನ ಅಳತೆಯಲ್ಲಿ ಬರೆದರೆ 2000 ದಾಟತ್ತೆ. ಆರಾಮಾಗಿ ಈಜ್ತಾ ಇರುವ ಮೀನಿನಲ್ಲಿ. ಫೋನಲ್ಲಿ ಇದನ್ನ ಹೇಳಿದಾಗ ಅಪ್ಪಯ್ಯ ಕೇಳಿದ್ದು, "ಆ ಮೀನಿಗೆ ಡಯಾಲಿಸಿಸ್ ಯಾರ್ ಮಾಡ್ತ್ರ್ ಮಾರಾಯಾ?"

ಆ ಪ್ರಶ್ನೆಗೆ ಉತ್ತರ ಹುಡುಕ್ತಾ ಹೋಗಿ ಇಲಿಯ ಬಿಲಕ್ಕೆ ಬಿದ್ದೆ.

ಮೊದಲು ತೊರಕೆ. ಕರಾವಳಿಯವರಿಗೆ ಪರಿಚಯ ಬೇಡ. ಉಳಿದವರಿಗೆ: ಚಪ್ಪಟೆ, ಮೊರದ ಹಾಗೆ ಅಗಲ, ಚಾಟಿಯಂಥ ಬಾಲ, ಬಾಲದ ಮೇಲೆ ಗರಗಸದ ಹಲ್ಲಿರುವ ವಿಷದ ಮುಳ್ಳು. ಮುಂಬೈ ಮಾರ್ಕೆಟ್‌ನಲ್ಲಿ ಪಾಕಟ್ ಅಂತಾರೆ, ಚೆನ್ನೈಯಲ್ಲಿ ತಿರುಕ್ಕೈ. ಮರಳಿನಲ್ಲಿ ಮೈ ಹುದುಗಿಸಿಕೊಂಡು ಮಲಗತ್ತೆ. ಬಾಯಿ ಹೊಟ್ಟೆಯ ಕಡೆ ಇರೋದ್ರಿಂದ, ಮಲಗಿರುವಾಗ ಕಣ್ಣಿನ ಹಿಂದಿರುವ ಎರಡು ತೂತುಗಳಿಂದ ನೀರು ಎಳೆದು ಕಿವಿರಿಗೆ ಕಳಿಸತ್ತೆ. ಶಾರ್ಕ್‌ನ ಹತ್ತಿರದ ಸಂಬಂಧಿ.

ಇಲಿ ಅಂದ್ರೆ ನಾನು ಆರಿಸಿರೋದು ಕಾಂಗರೂ ಇಲಿ. ಅಮೆರಿಕದ ಅರಿಜೋನಾ, ಕ್ಯಾಲಿಫೋರ್ನಿಯಾ, ಮೆಕ್ಸಿಕೋ ಕಡೆಯ ಒಣ ನೆಲದಲ್ಲಿ ಸುಮಾರು 20 ಜಾತಿಗಳಿವೆ. ಕಾಂಗರೂಗೂ ಇದಕ್ಕೂ ಸಂಬಂಧ ಇಲ್ಲ, ಉದ್ದ ಹಿಂಗಾಲಿನ ಮೇಲೆ ಕುಪ್ಪಳಿಸೋದ್ರಿಂದ ಬಂದ ಹೆಸರು. ನಮ್ಮ ಅಡುಗೆಮನೆ ಇಲಿಯ ಕುಟುಂಬವೂ ಅಲ್ಲ. ಮೆರಿಯಮ್ ಕಾಂಗರೂ ಇಲಿ ಅನ್ನೋ ಜಾತಿ ಸುಮಾರು 40 ಗ್ರಾಂ ತೂಗತ್ತೆ, ಒಂದು ದೊಡ್ಡ ನೆಲ್ಲಿಕಾಯಿಯಷ್ಟು. ದೆಹಲಿಯಲ್ಲಿರುವವರು ಕೇಳಬಹುದು, ಪಕ್ಕದಲ್ಲೇ ಥಾರ್ ಇದೆಯಲ್ಲ, ಅಲ್ಲಿನ ಇಲಿ ಯಾಕೆ ಬೇಡ ಅಂತ. ಜೈಸಲ್ಮೇರ್ ಕಡೆ ಹೋದವರು ಹಗಲಲ್ಲೇ ಬಿಲದಿಂದ ಬಿಲಕ್ಕೆ ಓಡುವ ಮರುಭೂಮಿ ಜರ್ಬಿಲ್ ನೋಡಿರ್ತೀರಿ. ಜೋಧಪುರದ ಕೇಂದ್ರೀಯ ಶುಷ್ಕ ವಲಯ ಸಂಶೋಧನಾ ಸಂಸ್ಥೆಯಲ್ಲಿ ಈಶ್ವರ್ ಪ್ರಕಾಶ್ ದಶಕಗಳ ಕಾಲ ಅವುಗಳ ಹಿಂದೆ ಬಿದ್ದಿದ್ರು. ಅದಕ್ಕೆ ಬೇರೆಯದೇ ಒಂದು ಮಾತು ಬೇಕು. ಇವತ್ತಿಗೆ ಕಾಂಗರೂ ಇಲಿಯೇ ಇರಲಿ, ಯಾಕಂದ್ರೆ ಅದರ ನೀರಿನ ಲೆಕ್ಕಪುಸ್ತಕ ಪೈಸೆ ಪೈಸೆಗೆ ತಾಳೆಯಾಗಿದೆ. ಅದನ್ನ ಆಮೇಲೆ ತೋರಿಸ್ತೀನಿ.

ಈಗ ಮುಖ್ಯ ಮಾತು. ಸಮುದ್ರ ಕೂಡ ಒಂದು ಮರುಭೂಮಿ.

ಮಾವಿನ ಮಿಡಿಗೆ ಉಪ್ಪು ಹಾಕಿ ಭರಣಿಯಲ್ಲಿಟ್ಟರೆ ಏನಾಗತ್ತೆ? ನಾಲ್ಕು ದಿನದಲ್ಲಿ ಮಿಡಿ ಚಿರುಟಿಕೊಳ್ಳತ್ತೆ, ಭರಣಿ ತುಂಬ ನೀರು. ಮಿಡಿಯೊಳಗಿನ ನೀರು ಉಪ್ಪಿನ ಕಡೆ ಹೊರಟುಹೋಯ್ತು. ಸಮುದ್ರದಲ್ಲಿರುವ ಬಂಗುಡೆ, ಬೂತಾಯಿ ಎಲ್ಲ ಆ ಮಿಡಿಯ ಸ್ಥಿತಿಯಲ್ಲೇ ಇವೆ. ಅವುಗಳ ರಕ್ತದ ಉಪ್ಪು ಸಮುದ್ರದ ಮೂರನೇ ಒಂದು ಭಾಗದಷ್ಟು ಮಾತ್ರ. ಸುತ್ತ ನೀರೇ ನೀರು, ಆದ್ರೆ ಮೈಯಿಂದ ನೀರು ಸೋರ್ತಾನೇ ಇರತ್ತೆ. ಹಾಗಾಗಿ ಬಂಗುಡೆ ದಿನವಿಡೀ ಉಪ್ಪುನೀರು ಕುಡಿದು, ಉಪ್ಪನ್ನ ಕಿವಿರಿನಿಂದ ಹೊರಗೆ ಪಂಪ್ ಮಾಡ್ತಾ ಕೂರಬೇಕು. ದೋಣಿ ತೂತಾಗಿದೆ, ನೀರು ಮೊಗೆದು ಹಾಕ್ತಾ ಇರು ಅನ್ನೋ ಥರದ ಬದುಕು.

ತೊರಕೆ ಬೇರೆ ದಾರಿ ಹಿಡಿಯಿತು. ನೀರು ಹೊರಗೆ ಹೋಗೋದು ಹೊರಗಿನ ದ್ರಾವಣ ಗಟ್ಟಿ ಇರೋದ್ರಿಂದ ತಾನೇ? ಹಾಗಾದ್ರೆ ಒಳಗಿನ ದ್ರಾವಣವನ್ನೇ ಅಷ್ಟು ಗಟ್ಟಿ ಮಾಡಿಬಿಟ್ಟರೆ? ಉಪ್ಪು ತುಂಬಿಕೊಂಡ್ರೆ ನರ, ಸ್ನಾಯು ಕೆಲಸ ಮಾಡಲ್ಲ. ಕೈಗೆ ಸಿಕ್ಕಿದ್ದು ಯೂರಿಯಾ. ಪ್ರೋಟೀನ್ ಕರಗಿಸಿದಾಗ ಉಳಿಯುವ ಸಾರಜನಕದ ಕಸ. ನಾವು ಮೂತ್ರದಲ್ಲಿ ಬಿಸಾಡೋದನ್ನ ಅದು ಕೂಡಿಟ್ಟುಕೊಂಡಿತು. ಕಿಡ್ನಿ ಸೋಸಿದ ಯೂರಿಯಾದಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಹೆಚ್ಚನ್ನ ಮತ್ತೆ ರಕ್ತಕ್ಕೇ ಎಳೆದುಕೊಳ್ಳತ್ತೆ, ಕಿವಿರಿನ ಚರ್ಮ ಯೂರಿಯಾ ಸೋರದ ಹಾಗೆ ಬಿಗಿಯಾಗಿದೆ. ಫಲ ಏನು ಅಂದ್ರೆ ತೊರಕೆಯ ರಕ್ತ ಸಮುದ್ರಕ್ಕಿಂತ ಒಂದು ಕೂದಲೆಳೆಯಷ್ಟು ಗಟ್ಟಿ, ನೀರು ತಾನಾಗೇ ನಿಧಾನಕ್ಕೆ ಒಳಗೆ ಬರತ್ತೆ, ಕುಡಿಯುವ ಗೋಜೇ ಇಲ್ಲ. ನೀರಿನ ಜೊತೆ ನುಸುಳುವ ಹೆಚ್ಚುವರಿ ಉಪ್ಪನ್ನ ಹೊರಹಾಕೋಕೆ ಕರುಳಿನ ಕೊನೆಯಲ್ಲಿ ಒಂದು ಪುಟ್ಟ ಗ್ರಂಥಿ ಇದೆ.

ಅಪ್ಪಯ್ಯನ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು: ಡಯಾಲಿಸಿಸ್ ಬೇಡ, ಯಾಕಂದ್ರೆ ಆ ಮೀನಿಗೆ ಯೂರಿಯಾ ಹೋಗೋದೇ ಬೇಡ. ಇನ್ನರ್ಧ ಕಷ್ಟದ್ದು. ಅಷ್ಟು ಯೂರಿಯಾದಲ್ಲಿ ಅದು ಬದುಕೋದು ಹೇಗೆ?

ಯೂರಿಯಾ ಜಾಸ್ತಿಯಾದ್ರೆ ಪ್ರೋಟೀನ್‌ಗಳ ಮಡಿಕೆ ಬಿಚ್ಚಿಕೊಳ್ಳತ್ತೆ. ಪ್ರೋಟೀನ್ ಅನ್ನೋದು ಮಡಚಿಟ್ಟ ಸೀರೆ ಇದ್ದ ಹಾಗೆ, ಮಡಿಕೆ ಸರಿ ಇದ್ರೇನೇ ಕೆಲಸ. ಜೀವರಸಾಯನದ ಲ್ಯಾಬ್‌ಗಳಲ್ಲಿ ಪ್ರೋಟೀನ್ ಬಿಚ್ಚೋಕೆ ಬೇಕಂತಲೇ ಯೂರಿಯಾ ಸುರೀತಾರೆ. 1979ರಲ್ಲಿ ಪಾಲ್ ಯಾನ್ಸಿ ಮತ್ತು ಜಾರ್ಜ್ ಸೊಮೆರೊ ತೋರಿಸಿದ್ದು ಇದು: ಈ ಮೀನುಗಳು ಯೂರಿಯಾದ ಜೊತೆಗೇ ಟ್ರೈಮೀಥೈಲಮೀನ್ ಆಕ್ಸೈಡ್ ಅನ್ನೋ ಇನ್ನೊಂದು ವಸ್ತುವನ್ನೂ ಅದರ ಕೆಲವು ಸೋದರರನ್ನೂ ಇಟ್ಟುಕೊಳ್ಳತ್ತವೆ. ಯೂರಿಯಾ ಬಿಚ್ಚೋಕೆ ನೋಡಿದ್ದನ್ನ ಇವು ಬಿಗಿಯಾಗಿ ಮಡಚಿಡತ್ತವೆ. ಹೆಚ್ಚುಕಡಿಮೆ ಎರಡು ಪಾಲು ಯೂರಿಯಾಗೆ ಒಂದು ಪಾಲು ಇದು. ಆ ಅಳತೆಯಲ್ಲಿ ಒಂದರ ಕೇಡನ್ನ ಇನ್ನೊಂದು ರದ್ದು ಮಾಡತ್ತೆ.

ಇದರ ಪುರಾವೆ ನಿಮ್ಮ ಮೂಗಿಗೆ ಗೊತ್ತಿದೆ. ತೊರಕೆ, ಶಾರ್ಕ್ ಎರಡೂ ಹಳೆಯದಾದ್ರೆ ಬೇರೆ ಮೀನಿನ ಹಾಗೆ ಬರೀ ನಾರಲ್ಲ, ಮೂತ್ರದ ವಾಸನೆ ಹೊಡೆಯತ್ತೆ. ಬ್ಯಾಕ್ಟೀರಿಯಾ ಯೂರಿಯಾವನ್ನ ಒಡೆದು ಅಮೋನಿಯಾ ಮಾಡಿರತ್ತೆ. ಆ ಇನ್ನೊಂದು ವಸ್ತು ಒಡೆದಾಗ ಬರೋದು ಮಾಮೂಲಿ ಮೀನಿನ ವಾಸನೆ. ಅಮ್ಮ ತೊರಕೆ ತಂದ ದಿನ ಬೇರೆ ಕೆಲಸ ಬಿಟ್ಟು ಮೊದಲು ಅದನ್ನ ತೊಳೆದು, ಹುಳಿ ಮುಂದಾಗಿ ಮಸಾಲೆ ಅರೀತಿದ್ರು. ಯೂರಿಯಾ ನೀರಲ್ಲಿ ಚೆನ್ನಾಗಿ ಕರಗತ್ತೆ, ಅಮೋನಿಯಾ ಹುಳಿಗೆ ಸೋಲತ್ತೆ. ಯಾವ ಲ್ಯಾಬೂ ಇಲ್ಲದೆ ಕಂಡುಕೊಂಡ ಪದ್ಧತಿ.

ಈಗ ಇಲಿಯ ಲೆಕ್ಕಪುಸ್ತಕ. 1940ರ ದಶಕದ ಕೊನೆಯಲ್ಲಿ ಕ್ನುಟ್ ಮತ್ತು ಬೋಡಿಲ್ ಶ್ಮಿಟ್ ನೀಲ್ಸನ್ ಅನ್ನೋ ದಂಪತಿ ಅರಿಜೋನಾದ ಮರುಭೂಮಿಯಲ್ಲಿ ಈ ಇಲಿಗಳ ಬೆನ್ನು ಹತ್ತಿದ್ರು. ಗಂಡ ನಾರ್ವೆಯವರು, ಹೆಂಡತಿ ಡೆನ್ಮಾರ್ಕಿನವರು. ಬೋಡಿಲ್ ಅವರ ತಂದೆ ನೊಬೆಲ್ ಪಡೆದ ಆಗಸ್ಟ್ ಕ್ರೋಗ್. ಹೆಚ್ಚಿನವರು ಗಂಡನ ಹೆಸರನ್ನಷ್ಟೇ ಹೇಳ್ತಾರೆ, ಆದ್ರೆ ಕಿಡ್ನಿಯ ಮಾತು ಬಂದಾಗ ಬೋಡಿಲ್ ಅವರೇ ದೊಡ್ಡ ಹೆಸರು. 1975ರಲ್ಲಿ ಅಮೆರಿಕನ್ ಫಿಸಿಯಲಾಜಿಕಲ್ ಸೊಸೈಟಿಯ ಮೊದಲ ಮಹಿಳಾ ಅಧ್ಯಕ್ಷರಾದ್ರು.

ಅವರು ಇಲಿಗೆ 100 ಗ್ರಾಂ ಒಣ ಬಾರ್ಲಿ ಕೊಟ್ಟರು. ಇಲಿಗೆ ಅದು ಹತ್ತಿರ ಹತ್ತಿರ ಒಂದು ತಿಂಗಳ ರೇಷನ್. ಕುಡಿಯೋಕೆ ನೀರಿಲ್ಲ, ಒಂದು ಹನಿಯೂ ಇಲ್ಲ. ಜಮಾ: ಬಾರ್ಲಿ ಮೈಯಲ್ಲಿ ಉರಿದು ಶಕ್ತಿಯಾಗುವಾಗ ಹುಟ್ಟುವ ನೀರು 54 ಮಿಲಿಲೀಟರ್, ಕಾಳು ಗಾಳಿಯಿಂದ ಹೀರಿಕೊಂಡಿದ್ದ ತೇವ 6. ಒಟ್ಟು 60. ಖರ್ಚು: ಉಸಿರು ಮತ್ತು ಚರ್ಮದಿಂದ ಆವಿಯಾಗಿದ್ದು 43.9, ಮೂತ್ರ 13.5, ಹಿಕ್ಕೆ 2.6. ಒಟ್ಟು 60. ಜಮಾ ಖರ್ಚು ಸರಿಸಮ.

ಇದನ್ನ ಮೊದಲ ಸಲ ನೋಡಿದಾಗ ನನಗೆ ನೆನಪಾಗಿದ್ದು ನಮ್ಮನೆ ಫ್ರಿಜ್ ಮೇಲಿರುವ ಅಮ್ಮನ ನೋಟ್‌ಬುಕ್. ಅಪ್ಪಯ್ಯನಿಗೆ ದಿನಕ್ಕೆ ಒಂದು ಲೀಟರ್ ಮಿತಿ, ಅದರಲ್ಲೇ ಚಾ, ಮಜ್ಜಿಗೆ, ಸಾರು, ಮಾತ್ರೆ ನುಂಗುವ ಗುಟುಕು, ಎಲ್ಲ. ಅಮ್ಮ ಪೆನ್ಸಿಲ್‌ನಲ್ಲಿ ಬರೀತಾರೆ: ಬೆಳಿಗ್ಗೆ ಚಾ 100, ಗಂಜಿ ತಿಳಿ 150. ಅಲ್ಲಿ ಸಮಸ್ಯೆ ತಿರುಗಾಮುರುಗಾ, ಒಳಗೆ ಬಂದ ನೀರು ಹೊರಗೆ ಹೋಗಲ್ಲ. ಲೆಕ್ಕ ಬರೆಯುವ ರೀತಿ ಮಾತ್ರ ಅದೇ.

54 ಮಿಲಿಲೀಟರ್ ಹುಟ್ಟೋದ್ರಲ್ಲಿ ಇಲಿಯ ಹೆಚ್ಚುಗಾರಿಕೆ ಏನೂ ಇಲ್ಲ. ಅಷ್ಟೇ ಬಾರ್ಲಿ ನಮ್ಮ ಮೈಯಲ್ಲಿ ಉರಿದ್ರೂ ಹತ್ತಿರ ಹತ್ತಿರ ಅಷ್ಟೇ ನೀರು. ಇಲಿಯ ಜಾಣತನ ಇರೋದು ಖರ್ಚಿನ ಕಡೆ. ಅದರ ಮೂಗಿನ ಹಾದಿ ಕಿರಿದು, ಒಳಗೆ ಬರುವ ಒಣ ಗಾಳಿ ಮೂಗಿನ ಗೋಡೆಯನ್ನ ತಂಪು ಮಾಡತ್ತೆ, ಹೊರಗೆ ಹೋಗುವ ಬಿಸಿ ಉಸಿರು ಆ ತಂಪು ಗೋಡೆಗೆ ತಾಗಿ ತೇವ ಬಿಟ್ಟುಹೋಗತ್ತೆ. ಬೆವರಿನ ತಂಟೆ ಇಲ್ಲ. ಹಗಲು ಪೂರ್ತಿ ಬಿಲದಲ್ಲಿ, ಓಡಾಟ ರಾತ್ರಿ.

ಇನ್ನು ಕಿಡ್ನಿ. ಕಿಡ್ನಿಯ ಒಳಗೆ ಹೇರ್‌ಪಿನ್ ಹಾಗೆ ಬಾಗಿದ ಸಣ್ಣ ಕೊಳವೆಗಳಿವೆ. ಒಂದರಲ್ಲಿ ದ್ರವ ಕೆಳಗೆ, ಪಕ್ಕದ್ದರಲ್ಲಿ ಮೇಲಕ್ಕೆ. ಎದುರುಬದುರು ಹರಿಯೋದ್ರಿಂದ ಕೆಳಗೆ ಹೋದಷ್ಟೂ ಸುತ್ತಲಿನ ದ್ರಾವಣ ಗಟ್ಟಿಯಾಗತ್ತೆ. ಡಯಾಲಿಸಿಸ್ ಫಿಲ್ಟರ್‌ನಲ್ಲೂ ರಕ್ತ ಒಂದು ದಿಕ್ಕಿಗೆ, ತೊಳೆಯುವ ದ್ರಾವಣ ಎದುರು ದಿಕ್ಕಿಗೆ ಹರಿಯತ್ತೆ. ಟೆಕ್ನೀಷಿಯನ್ ಒಬ್ಬರು ಅಪ್ಪಯ್ಯನ ಮಂಚದ ಪಕ್ಕ ನಿಂತು ಅದನ್ನ ನನಗೆ ತೋರಿಸಿದ್ರು. ಎದುರು ಹರಿವು ಅನ್ನೋ ಒಂದೇ ಉಪಾಯ ಇಲಿಯ ಮೂಗಲ್ಲೂ, ಕಿಡ್ನಿಯಲ್ಲೂ, ಆ ಪ್ಲಾಸ್ಟಿಕ್ ಕೊಳವೆಯಲ್ಲೂ. ಕಾಂಗರೂ ಇಲಿಯಲ್ಲಿ ಈ ಕೊಳವೆಗಳ ತುದಿ ಎಷ್ಟು ಉದ್ದ ಅಂದ್ರೆ ಕಿಡ್ನಿ ದಾಟಿ ಮೂತ್ರನಾಳದೊಳಕ್ಕೆ ಚಾಚಿಕೊಂಡಿದೆ. ನಮ್ಮ ಮೂತ್ರದಲ್ಲಿ ಯೂರಿಯಾ ಹೆಚ್ಚೆಂದರೆ ನೂರಕ್ಕೆ 6ರಷ್ಟು, ಇಲಿಯದ್ದರಲ್ಲಿ 23ರ ಹತ್ತಿರ. ಉಪ್ಪು ನಮಗೆ 2.2, ಅದಕ್ಕೆ ಸುಮಾರು 7.

ಈ ಉಪ್ಪಿನ ಸಂಖ್ಯೆಯನ್ನ ಸ್ವಲ್ಪ ಹಿಡಿದಿಟ್ಕೊಳ್ಳಿ. ಸಮುದ್ರದ ನೀರಿನ ಉಪ್ಪು ಸುಮಾರು 3.5. ನಮ್ಮ ಕಿಡ್ನಿಯ ಮಿತಿ 2.2, ಅದಕ್ಕೇ ದಿಕ್ಕು ತಪ್ಪಿದ ನಾವಿಕ ಸಮುದ್ರದ ನೀರು ಕುಡಿದ್ರೆ ಆ ಉಪ್ಪು ಹೊರಹಾಕೋಕೆ ಕುಡಿದಿದ್ದಕ್ಕಿಂತ ಜಾಸ್ತಿ ನೀರು ಬೇಕು, ಇನ್ನೂ ಬೇಗ ಸಾಯ್ತಾನೆ. ಇಲಿಯ ಮಿತಿ 7. ಹಾಗಾದ್ರೆ ಜನ್ಮದಲ್ಲಿ ಸಮುದ್ರ ನೋಡದ ಈ ಇಲಿ ಸಮುದ್ರದ ನೀರು ಕುಡಿದು ಬದುಕಬಹುದಾ? ಶ್ಮಿಟ್ ನೀಲ್ಸನ್ ದಂಪತಿ ಇದನ್ನೇ ಪರೀಕ್ಷೆ ಮಾಡಿ 1950ರಲ್ಲಿ ಪ್ರಕಟಿಸಿದ್ರು. ಆರೋಗ್ಯವಾಗಿರುವ ಕಾಂಗರೂ ಇಲಿ ನೀರೇ ಮುಟ್ಟಲ್ಲ, ಕುಡಿಸೋದು ಹೇಗೆ? ಅದಕ್ಕೆ ಬಾರ್ಲಿ ಬಿಟ್ಟು ಸೋಯಾ ಕೊಟ್ಟರು. ಸೋಯಾದಲ್ಲಿ ಪ್ರೋಟೀನ್ ಹೆಚ್ಚು, ಹಾಗಾಗಿ ಯೂರಿಯಾ ಹೆಚ್ಚು, ಅದನ್ನ ಹೊರಹಾಕೋಕೆ ನೀರು ಬೇಕೇ ಬೇಕು. ಆಗ ಇಲಿಗೆ ಬಾಯಾರಿತು. ಸಮುದ್ರದ ನೀರು ಇಟ್ಟರು. ಕುಡೀತು, ಬದುಕ್ತು. ಕಿಡ್ನಿಯ ಬಗ್ಗೆ ನಾನು ಓದಿದ ಪ್ರಯೋಗಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಇದೇ.

ನೋಡಿ, ಒಂದೇ ಕಸ. ತೊರಕೆ ಅದನ್ನ ರಕ್ತದಲ್ಲಿ ತುಂಬಿಕೊಂಡು ನೀರು ಉಳಿಸತ್ತೆ. ಇಲಿ ಅದನ್ನ ಗಟ್ಟಿ ಪಾಕ ಮಾಡಿ ಎಸೆದು ನೀರು ಉಳಿಸತ್ತೆ. ಪೂರ್ತಿ ವಿರುದ್ಧ ಅನ್ನಿಸತ್ತೆ ಅಲ್ವಾ? ನನಗೂ ಹಾಗೇ ಅನ್ನಿಸಿತ್ತು, ಒಂದು ವಿಷಯ ಗಮನಕ್ಕೆ ಬರುವವರೆಗೆ. ಎಸೆಯೋದಕ್ಕೆ ಮುಂಚೆ ಆ ಪಾಕ ಎಲ್ಲಿರತ್ತೆ? ಕಿಡ್ನಿಯ ಒಳಭಾಗದಲ್ಲಿ. ಅಲ್ಲಿನ ಜೀವಕೋಶಗಳು ಇಡೀ ದಿನ ಅಷ್ಟು ಯೂರಿಯಾದಲ್ಲೇ ಮುಳುಗಿರತ್ತವೆ. ಅವುಗಳ ಪ್ರೋಟೀನ್ ಯಾಕೆ ಬಿಚ್ಚಿಕೊಳ್ಳಲ್ಲ? ಅವೂ ತಮ್ಮೊಳಗೆ ಬೀಟೈನ್ ಮತ್ತು ಅದರಂಥದೇ ಇನ್ನೊಂದು ವಸ್ತು ತುಂಬಿಕೊಂಡಿರತ್ತವೆ. ತೊರಕೆಯ ಆ ರಕ್ಷಕ ವಸ್ತುವಿನ ರಾಸಾಯನಿಕ ಕುಟುಂಬದವೇ ಇವು, ಮೀಥೈಲಮೀನ್‌ಗಳು. 40 ಕೋಟಿ ವರ್ಷ ದೂರವಾದ ಎರಡು ಪ್ರಾಣಿಗಳು ಅದೇ ತೊಂದರೆಗೆ ಅದೇ ಬಗೆಯ ಮದ್ದು ಹಚ್ಚಿಕೊಂಡಿವೆ. ತೊರಕೆಯದ್ದು ಮೈಯೆಲ್ಲ, ಇಲಿಯದ್ದು ಕಿಡ್ನಿಯ ಒಂದು ಮೂಲೆ. ನಮ್ಮ ನಿಮ್ಮ ಕಿಡ್ನಿಯಲ್ಲೂ ಆ ಮೂಲೆ ಇದೆ, ಇಲಿಯಷ್ಟು ಜೋರಿಲ್ಲ ಅಷ್ಟೇ.

ಯಾವುದು ಗಟ್ಟಿ ಪ್ರಾಣಿ ಅಂತ ಕೇಳ್ತೀರಿ, ಗೊತ್ತು. ಇಲಿಯ ಬಿಗಿ ಬಜೆಟ್ಟಿನಲ್ಲಿ ಬೆವರಿಗೆ ಹಣ ಇಲ್ಲ. ಹಾಗಾಗಿ ಮರುಭೂಮಿಯ ಪ್ರಾಣಿಯಾದ್ರೂ ಮರುಭೂಮಿಯ ಹಗಲಿನ ಬಿಸಿಲಲ್ಲಿ ಅದನ್ನ ಬಿಟ್ಟರೆ ಸಾಯತ್ತೆ. ಕೊನೇ ಉಪಾಯವಾಗಿ ಜೊಲ್ಲು ಸುರಿಸಿ ಗಲ್ಲ, ಕುತ್ತಿಗೆ ಒದ್ದೆ ಮಾಡಿಕೊಳ್ಳತ್ತೆ, ಅದು ಸ್ವಲ್ಪ ಹೊತ್ತು. ಬಿಲವನ್ನ ಬಿಟ್ಟು ಬರೀ ಇಲಿಯನ್ನ ಲೆಕ್ಕ ಹಾಕಿದ್ರೆ ಈ ವಿನ್ಯಾಸ ಫೇಲ್.

ತೊರಕೆಯ ಕಷ್ಟ ಸಿಹಿನೀರಲ್ಲಿ. ಸಮುದ್ರಕ್ಕೆ ಸಮನಾಗಿ ಗಟ್ಟಿ ಮಾಡಿಟ್ಟ ರಕ್ತ ನದಿಗೆ ಬಂದ್ರೆ ನೀರು ಒಳಗೆ ನುಗ್ಗತ್ತೆ. ಆದ್ರೂ ನದಿಗೆ ಹೋದ ತೊರಕೆಗಳಿವೆ, ಮತ್ತು ಎರಡು ಥರದವು. ಅಮೆರಿಕದ ಫ್ಲಾರಿಡಾದಲ್ಲಿ ಸೇಂಟ್ ಜಾನ್ಸ್ ನದಿಯಲ್ಲಿ ಅಟ್ಲಾಂಟಿಕ್ ತೊರಕೆಗಳು ಅಲ್ಲೇ ಹುಟ್ಟಿ ಅಲ್ಲೇ ಮರಿ ಹಾಕತ್ತವೆ. ಅವು ಯೂರಿಯಾವನ್ನ ಸಮುದ್ರದಲ್ಲಿ ಇದ್ದಾಗಿನ ಸುಮಾರು ಅರ್ಧಕ್ಕೆ ಇಳಿಸಿಕೊಂಡಿವೆ, ಪೂರ್ತಿ ಬಿಟ್ಟಿಲ್ಲ. ನದಿಯಲ್ಲಿ ಅಷ್ಟನ್ನ ಹೊತ್ತುಕೊಂಡಿರೋದು ಸುಮ್ಮನೆ ಖರ್ಚು. ಒಳನುಗ್ಗುವ ನೀರನ್ನ ಮೂತ್ರ ಮಾಡಿ ಹೊರಹಾಕ್ತಾ ಇರಬೇಕು. ಆದ್ರೆ ಸಮುದ್ರದ ನೀರಿಗೆ ತಂದರೆ ಯೂರಿಯಾ ಮತ್ತೆ ಏರಿಸಿಕೊಂಡು ಆರಾಮಾಗಿ ಇರತ್ತವೆ.

ದಕ್ಷಿಣ ಅಮೆರಿಕದ ಅಮೆಜಾನ್ ತೊರಕೆಗಳು ಬೇರೆ. ಅವುಗಳ ಹಿರಿಯರು ಸಮುದ್ರ ಬಿಟ್ಟು ನದಿಗೆ ಬಂದು ಕೋಟ್ಯಂತರ ವರ್ಷವಾಯ್ತು. ಅವುಗಳ ರಕ್ತದಲ್ಲಿ ಯೂರಿಯಾ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಉಪ್ಪಿನ ಗ್ರಂಥಿ ಸೊರಗಿಹೋಗಿದೆ. ಥಾಮಸ್ ಥಾರ್ಸನ್ ಮತ್ತು ಜೊತೆಗಾರರು ಇದನ್ನ 1967ರಲ್ಲಿ ವರದಿ ಮಾಡಿದ್ರು. ಆಮೇಲೆ ಥಾರ್ಸನ್ ಆ ಮೀನುಗಳನ್ನ ಉಪ್ಪುನೀರಿಗೆ ಹಾಕಿ ನೋಡಿದ್ರು. ರಕ್ತದಲ್ಲಿ ಯೂರಿಯಾ ಏರಲಿಲ್ಲ. ಕೂಡಿಡುವ ವ್ಯವಸ್ಥೆಯೇ ಹೋಗಿದೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಫೀಚರ್ ಆಫ್ ಆಗಿಲ್ಲ, ಕೋಡೇ ಡಿಲೀಟ್ ಆಗಿದೆ. ನನ್ನ ಮಗಳು ಪುಣೆಯಲ್ಲೇ ಹುಟ್ಟಿದವಳು, ಅಜ್ಜಯ್ಯನ ಜೊತೆ ಫೋನಲ್ಲಿ ಮಾತಾಡುವಾಗ ಹಿಂದಿಗೆ ಜಾರ್ತಾಳೆ. ಈ ಭಾಗ ಓದುವಾಗ ನಾನು ಸ್ವಲ್ಪ ಹೊತ್ತು ಲ್ಯಾಪ್‌ಟಾಪ್ ಮುಚ್ಚಿಟ್ಟೆ. ಅದು ನನ್ನ ಚಿಂತೆ, ಮೀನಿನದ್ದಲ್ಲ. ಅಮೆಜಾನ್ ತೊರಕೆ ತನ್ನ ನದಿಯಲ್ಲಿ ಸುಖವಾಗೇ ಇದೆ.

ಸರಿ, ಚಾಟ್‌ನಲ್ಲಿ ಬಂದ ಒಂದು ಪ್ರಶ್ನೆ ತಗೋತೀನಿ. "ಗೋವಾಕ್ಕೆ ಹೋಗ್ತಾ ಇದ್ದೀವಿ, ತೊರಕೆ ಚುಚ್ಚಿದ್ರೆ ಏನು ಮಾಡ್ಬೇಕು?" ಅದು ತಾನಾಗಿ ಮೇಲೆ ಬೀಳುವ ಪ್ರಾಣಿ ಅಲ್ಲ, ಮರಳಲ್ಲಿ ಮಲಗಿದ್ದನ್ನ ತುಳಿದಾಗ ಬಾಲ ಬೀಸತ್ತೆ. ಅದಕ್ಕೆ ಆಳವಿಲ್ಲದ ನೀರಲ್ಲಿ ಕಾಲು ಎತ್ತಿಡದೆ, ಮರಳಿನ ಮೇಲೆ ಎಳೆದುಕೊಂಡೇ ನಡೀರಿ, ಅದು ಎದ್ದು ಹೋಗತ್ತೆ. ಚುಚ್ಚಿದ್ರೆ ಆ ಭಾಗವನ್ನ ತಡೆದುಕೊಳ್ಳುವಷ್ಟು ಬಿಸಿ ನೀರಲ್ಲಿ, ಸುಟ್ಟುಕೊಳ್ಳದ ಹಾಗೆ, ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಮುಳುಗಿಸಿಡಿ. ವಿಷದ ಪ್ರೋಟೀನ್ ಬಿಸಿಗೆ ಕೆಡೋದ್ರಿಂದ ನೋವು ಇಳಿಯತ್ತೆ ಅಂತಾರೆ. ಆಮೇಲೂ ಡಾಕ್ಟರ್ ಹತ್ರ ಹೋಗಲೇಬೇಕು, ಮುಳ್ಳಿನ ಚೂರು ಒಳಗೆ ಮುರಿದು ಉಳಿದಿರಬಹುದು. ಎದೆಗೋ ಹೊಟ್ಟೆಗೋ ಕುತ್ತಿಗೆಗೋ ಚುಚ್ಚಿದ್ರೆ ಬಿಸಿನೀರು ಹುಡುಕ್ತಾ ಕೂರಬೇಡಿ, ಮುಳ್ಳು ಕೀಳಬೇಡಿ, ನೇರ ಆಸ್ಪತ್ರೆ.

ಮುಂದಿನ ಪ್ರಶ್ನೆ ಯಾರದ್ದು? ಮೈಕ್ ಆನ್ ಮಾಡ್ಕೊಳ್ಳಿ.